ಹಳೆ ಡಿಎಸ್‌ಎಲ್‌ಆರಾ, ಜೇಬಿನ ಕ್ಯಾಮೆರಾನಾ? ಗಂಗಾವತಿಯ ದೂಳಲ್ಲಿ ಎರಡನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹಳೆ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರೋ, ಲೆನ್ಸ್ ಬಿಚ್ಚಿ ಬದಲಿಸೋ ದೊಡ್ಡ ಕ್ಯಾಮೆರಾ) ಪಾರ್ಟಿ. ಕೆಳಗೆ ಬರೆದಿರೋದನ್ನು ಆ ಲೆಕ್ಕದಲ್ಲೇ ಓದಿಕೊಳ್ಳಿ. ಎರಡು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ದುಡ್ಡು ಕೊಟ್ಟು ತಂದಿದ್ದು ಜೇಬಲ್ಲಿ ಕೂರುವ ಚಿಕ್ಕ ಕ್ಯಾಮೆರಾನೇ.

ಊರು ಗಂಗಾವತಿ. ವಾರವೆಲ್ಲ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಸ್ಕೂಟರ್ ಹತ್ತಿ ಆನೆಗೊಂದಿ, ಹಿರೇಬೆಣಕಲ್, ಇಟಗಿ, ಕುಕನೂರು ಅಂತ ಸುತ್ತುತ್ತೇನೆ. ಗುಡಿ, ಕೋಟೆ, ಬಂಡೆ, ಭತ್ತದ ಗದ್ದೆ. ನನ್ನ ಫೋಟೊಗಳಲ್ಲಿ ಇರೋದು ಇಷ್ಟೇ. "ಮೊಬೈಲ್ ಐತಲ್ರಿ, ಮತ್ಯಾಕ ಇದು?" ಅಂತ ಮಿಲ್ಲಿನ ಹಮಾಲರು ಕೇಳುತ್ತಾರೆ. ದೂರದ್ದು ಹತ್ತಿರ ಬರಬೇಕು, ಗುಡಿಯೊಳಗಿನ ಕತ್ತಲಲ್ಲೂ ಕೆತ್ತನೆ ಕಾಣಬೇಕು. ನನ್ನ ಫೋನಿಗೆ ಎರಡೂ ಆಗೋದಿಲ್ಲ.

ಚಿಕ್ಕ ಕ್ಯಾಮೆರಾ ಸೆಕೆಂಡ್ ಹ್ಯಾಂಡ್. 9,000 ರೂಪಾಯಿ, 30 ಪಟ್ಟು ಝೂಮ್. ಕಂಪನಿ ಹೆಸರು ಬೇಡ, ನನಗಾದ ತೊಂದರೆ ಆ ಜಾತಿಯ ಯಾವ ಕ್ಯಾಮೆರಾಗೂ ಆಗಬಹುದು. ಮೊದಲ ನಾಲ್ಕು ತಿಂಗಳು ಅದರಂಥದ್ದು ಇನ್ನೊಂದಿಲ್ಲ ಅನ್ನಿಸಿತ್ತು. ಅಂಜನಾದ್ರಿಯ ಐನೂರಕ್ಕೂ ಜಾಸ್ತಿ ಮೆಟ್ಟಿಲನ್ನು ಅಂಗಿ ಜೇಬಲ್ಲಿ ಅದನ್ನಿಟ್ಟುಕೊಂಡೇ ಹತ್ತಿದೆ. ಮೇಲಿನಿಂದ ಝೂಮ್ ಮಾಡಿದರೆ ತುಂಗಭದ್ರೆಯ ಆಚೆ ವಿರೂಪಾಕ್ಷ ಗುಡಿಯ ಗೋಪುರ ಕೈಗೆ ಸಿಗೋ ಹಾಗೆ ಕಾಣುತ್ತಿತ್ತು. ದಿನಾ ಮಿಲ್ಲಿಗೂ ಒಯ್ಯುತ್ತಿದ್ದೆ. ಪೆನ್ನು, ಚೀಟಿ, ಕ್ಯಾಮೆರಾ ಎಲ್ಲ ಒಂದೇ ಜೇಬಲ್ಲಿ.

ತಪ್ಪಾಗಿದ್ದು ಅಲ್ಲೇ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆ. ಸಂಜೆ ತೇರು ಎಳೆಯುವಾಗ ಎಷ್ಟು ಜನ, ಎಷ್ಟು ದೂಳು ಅಂತ ನೋಡಿದವರಿಗೆ ಗೊತ್ತು. ಉತ್ತತ್ತಿ ಎಸೆಯೋ ಕೈಗಳು, ಹಿಂದೆ ಕೆಂಪು ಆಕಾಶ. ಒಳ್ಳೆ ಫೋಟೊ ಬಂತು ಅಂದುಕೊಂಡೆ. ಮನೆಗೆ ಬಂದು ಟಿವಿಗೆ ಹಾಕಿದರೆ ಆಕಾಶದ ಬಲಮೂಲೆಯಲ್ಲಿ ಒಂದು ಬೂದು ಕಲೆ. "ಕಾಗಿ ಹಾರಾಕತ್ತೈತೇನು?" ಅಂದರು ಅವ್ವ. ಮುಂದಿನ ಫೋಟೊದಲ್ಲೂ ಅದೇ ಕಾಗೆ, ಅದೇ ಜಾಗ. ಅದರ ಮುಂದಿನದರಲ್ಲೂ.

ಲೆನ್ಸ್ ಗಾಜು ಒರೆಸಿದೆ. ಹೋಗಲಿಲ್ಲ. ಕಲೆ ಇದ್ದಿದ್ದು ಗಾಜಿನ ಮೇಲಲ್ಲ, ಒಳಗೆ, ಬೆಳಕು ಹಿಡಿದು ಫೋಟೊ ಮಾಡೋ ಸೆನ್ಸರ್ ಮೇಲೆ. ಈ ಕ್ಯಾಮೆರಾಗಳ ಲೆನ್ಸ್ ಆನ್ ಮಾಡಿದ ಕೂಡಲೇ ಕೊಳವೆ ಥರ ಹೊರಗೆ ಬರುತ್ತೆ, ಆಫ್ ಮಾಡಿದರೆ ಒಳಗೆ ಹೋಗುತ್ತೆ. ಹೊರಗೆ ಬರುವಾಗ ಒಳಗಿನ ಜಾಗ ದೊಡ್ಡದಾಗುತ್ತೆ, ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತೆ. ಸೈಕಲ್ ಪಂಪ್ ಇದ್ದ ಹಾಗೆ. ಗಾಳಿಯ ಜೊತೆ ದೂಳೂ ಒಳಗೆ ಹೋಗುತ್ತೆ. ಪಾಪ, ಜಾತ್ರೆಯನ್ನೊಂದೇ ಬೈಯೋದು ಸರಿಯಲ್ಲ. ನಾಲ್ಕು ತಿಂಗಳು ನನ್ನ ಅಂಗಿ ಜೇಬಲ್ಲಿ ಏನಿತ್ತು? ತೌಡು! ಮಿಲ್ಲಲ್ಲಿ ಸಂಜೆ ಅಂಗಿ ಕೊಡವಿದರೆ ನೆಲ ಬೆಳ್ಳಗಾಗುತ್ತೆ. ಆ ಜೇಬಿನಿಂದ ತೆಗೆದು ಆನ್ ಮಾಡಿದಾಗಲೆಲ್ಲ ಕ್ಯಾಮೆರಾಗೆ ಒಂದು ಚಿಟಿಕೆ ತೌಡು ತಿನ್ನಿಸಿದಂತಾಗಿತ್ತು. ಜೇಬಲ್ಲಿ ಹಿಡಿಯುತ್ತೆ ಅಂತಲೇ ತಗೊಂಡಿದ್ದೆ, ಅದನ್ನು ಕೆಡಿಸಿದ್ದೂ ಆ ಜೇಬೇ.

ಝೂಮ್ ಮಾಡದಿದ್ದರೆ ಕಲೆ ಅಷ್ಟಾಗಿ ಕಾಣಲ್ಲ. ಝೂಮ್ ಎಳೆದಷ್ಟೂ ಬೆಳಕು ಬರುವ ಕಿಂಡಿ ಕಿರಿದಾಗುತ್ತೆ, ದೂಳಿನ ನೆರಳು ಗಟ್ಟಿಯಾಗುತ್ತೆ. ನಾನು ತಗೊಂಡಿದ್ದೇ ಝೂಮ್‌ಗೆ. ಭಾಮೈದನ ನಿಶ್ಚಿತಾರ್ಥದಲ್ಲಿ ದೂರದಿಂದ ಹುಡುಗಿಯ ಮುಖ ತೆಗೆದೆ. ಕಲೆ ಸರಿಯಾಗಿ ಕೆನ್ನೆ ಮೇಲೆ ಬಂದು ಕೂತಿತು. ಬೀಗರ ಕಡೆಯ ಅಜ್ಜಿ ಫೋಟೊ ನೋಡಿ, "ಚಲೋ ಮಾಡೀರಿ, ದೃಷ್ಟಿ ಬೊಟ್ಟು ಇಟ್ಟೀರಿ" ಅಂದರು. ನಾನು ಹ್ಞೂಂ ಅಂದು ಸುಮ್ಮನಾದೆ.

ರಿಪೇರಿಗೆ ಹುಬ್ಬಳ್ಳಿಗೆ ಹೋದೆ. ಬರೀ ಒರೆಸಿ ಕೊಡೋಕಾಗಲ್ಲ, ಲೆನ್ಸ್ ಮತ್ತು ಸೆನ್ಸರ್ ಒಟ್ಟಿಗೇ ಬದಲಿಸಬೇಕು, 6,500 ಆಗುತ್ತೆ ಅಂದರು. ವಾಪಸ್ ತಂದೆ. ಲೆನ್ಸ್ ಮುಂದೆ ವ್ಯಾಕ್ಯೂಮ್ ಹಿಡಿದು ಝೂಮ್ ಮುಂದೆ ಹಿಂದೆ ಮಾಡಿದರೆ ದೂಳು ಹೊರಗೆ ಬರುತ್ತೆ ಅಂತ ಯಾರೋ ಹೇಳಿದರು. ಕಾರ್ ವಾಷಿಂಗ್ ಅಂಗಡಿಯ ಹುಡುಗನಿಗೆ ಐವತ್ತು ರೂಪಾಯಿ ಕೊಟ್ಟು ಅದನ್ನೂ ಮಾಡಿಸಿದೆ. ಪೈಪಿನ ಬಾಯಿಗೆ ಬನಿಯನ್ ಬಟ್ಟೆ ಸುತ್ತಿ, ಅವನು ಹಿಡಿದ, ನಾನು ಝೂಮ್ ಒತ್ತಿದೆ. ಆಮೇಲೆ ಅಂಗಡಿಯ ಬಿಳಿ ಗೋಡೆಗೆ ಹಿಡಿದು ಒಂದು ಫೋಟೊ ತೆಗೆದೆವು. ಕಲೆ ಬಲಮೂಲೆಯಿಂದ ಹೋಗಿತ್ತು. ಸರಿಯಾಗಿ ನಡುಮಧ್ಯೆ ಬಂದು ನಿಂತಿತ್ತು. ಪಕ್ಕದಲ್ಲಿ ಒಂದು ಚಿಕ್ಕ ಮರಿ ಬೇರೆ.

ಅವತ್ತಿನಿಂದ ಕ್ಯಾಮೆರಾ ಮಾರುವವರಿಗೆ ನಾನು ಕೇಳೋ ಮೊದಲ ಪ್ರಶ್ನೆ ಮೆಗಾಪಿಕ್ಸೆಲ್ ಅಲ್ಲ. "ಇದನ್ನ ಮನೇಲಿ ಬಿಚ್ಚಿ ದೂಳು ಊದೋಕೆ ಬರುತ್ತಾ?"

ನಿಕಾನ್ ಡಿ90 ಸಿಕ್ಕಿದ್ದು ಹಾಗೆ. ಮದುವೆ ಫೋಟೊ ತೆಗೆಯೋ ಸ್ಟುಡಿಯೊದವರೊಬ್ಬರು ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೋಗಿ ಇದನ್ನು ಬೀರುವಿನಲ್ಲಿ ಇಟ್ಟಿದ್ದರು. 18-105 ಎಂಎಂ ಝೂಮ್ ಲೆನ್ಸ್, ಹಳೆಯ 50 ಎಂಎಂ ಎಫ್1.8ಡಿ ಲೆನ್ಸ್, ಚಾರ್ಜರ್, ಎರಡು ಬ್ಯಾಟರಿ, ಎಲ್ಲ ಸೇರಿ 14,000. 2008ರಲ್ಲಿ ಬಂದ ಮಾಡೆಲ್ ಅದು. ವಿಡಿಯೊ ತೆಗೆಯೋ ಮೊದಲ ಡಿಎಸ್‌ಎಲ್‌ಆರ್ ಅಂತ ಆಗ ದೊಡ್ಡ ಸುದ್ದಿ. ಇದರ ಶಟರನ್ನು ಕಂಪನಿ ಒಂದು ಲಕ್ಷ ಸಲ ಒತ್ತಿ ಪರೀಕ್ಷೆ ಮಾಡಿತ್ತು. ನನಗೆ ಸಿಕ್ಕಿದ್ದು 61 ಸಾವಿರ ಚಿಲ್ಲರೆ ಓಡಿತ್ತು. ಆ ಲೆಕ್ಕ ಫೋಟೊ ಫೈಲಿನೊಳಗೇ ಇರುತ್ತೆ. ಮಾರುವವರ ಬಾಯಿ ಮಾತು ನಂಬಬೇಡಿ, ಒಂದು ಫೋಟೊ ತೆಗೆದು ಕಂಪ್ಯೂಟರ್‌ಗೆ ಹಾಕಿ ನೋಡಿ.

ಇದರೊಳಗೂ ದೂಳು ಹೋಗುತ್ತೆ. ಹೋಗಲ್ಲ ಅಂತ ಯಾರಾದರೂ ಹೇಳಿದರೆ ಸುಳ್ಳು. ಹೋದರೆ ಏನು ಮಾಡೋದು ಅನ್ನೋದೇ ವ್ಯತ್ಯಾಸ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಬೇಕು. ಲೆನ್ಸ್ ತೆಗೆದು, ಸೆಟಪ್ ಮೆನುವಿನಲ್ಲಿ ಲಾಕ್ ಮಿರರ್ ಅಪ್ ಆರಿಸಿ ಬಟನ್ ಒತ್ತಿದರೆ ಟಪ್ ಅಂತ ಕನ್ನಡಿ ಮೇಲೆ ಹೋಗಿ ನಿಲ್ಲುತ್ತೆ. ಹಿಂದೆ ಹಸಿರು-ನೇರಳೆ ಮಿಂಚೋ ಸೆನ್ಸರ್ ಕಾಣುತ್ತೆ. ಕ್ಯಾಮೆರಾ ಬೋರಲು ಹಿಡಿದು ಕೆಳಗಿನಿಂದ ರಬ್ಬರ್ ಬ್ಲೋವರ್‌ನಲ್ಲಿ ನಾಲ್ಕು ಸಲ ಊದಿದರೆ ಸಾಕು. ಬಾಯಲ್ಲಿ ಮಾತ್ರ ಊದಬೇಡಿ. ನಾನು ಒಮ್ಮೆ ಊದಿ, ಎಂಜಲು ಹನಿ ಕೂತು, ಅದನ್ನು ತೆಗೆಯೋಕೆ ಬೇರೆ ದ್ರವ, ಬೇರೆ ಕಡ್ಡಿ ತರಿಸಬೇಕಾಯಿತು. ಬ್ಲೋವರ್ ಬೆಲೆ 200 ರೂಪಾಯಿ. ತಿಂಗಳಿಗೊಮ್ಮೆ, ಫ್ಯಾನ್ ಆಫ್ ಮಾಡಿ, ಐದು ನಿಮಿಷದ ಕೆಲಸ.

ಬಿಸಿಲಿನ ವಿಷಯವೂ ಇದೆ. ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲುಮನೆಗಳ ಹತ್ತಿರ ಹನ್ನೊಂದು ಗಂಟೆಗೆ ನಿಂತರೆ ಚಿಕ್ಕ ಕ್ಯಾಮೆರಾದ ಪರದೆಯಲ್ಲಿ ಕಾಣೋದು ನನ್ನ ಮುಖವೇ. ಡಿ90ಯಲ್ಲಿ ಕಣ್ಣಿಟ್ಟು ನೋಡೋ ಕಿಂಡಿ ಇದೆ. ನಮ್ಮ ಕಡೆಯ ಬಿಸಿಲಿಗೆ ಇದೊಂದೇ ಕಾರಣ ಸಾಕು ಅನ್ನೋವರೂ ಇದ್ದಾರೆ.

ಕತ್ತಲಲ್ಲಿ? ಇಟಗಿಯ ಮಹಾದೇವ ದೇವಾಲಯಕ್ಕೆ ಎರಡನ್ನೂ ಒಯ್ದೆ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ, ಶಾಸನದಲ್ಲೇ ಇದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಒಳಗಿನ ಬಾಗಿಲವಾಡದ ಕೆತ್ತನೆ ಬೆರಳ ತುದಿಯಷ್ಟು ಸಣ್ಣದು. ಚಿಕ್ಕ ಕ್ಯಾಮೆರಾ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಮಾಡಿತು. 50 ಎಂಎಂ ಹಾಕಿದ ಡಿ90ಯಲ್ಲಿ ಹಾರದ ಮಣಿಗಳು ಬಿಡಿಬಿಡಿಯಾಗಿ ಕಂಡವು. 20 ಮೆಗಾಪಿಕ್ಸೆಲ್ ಮುಂದೆ 12 ಗೆದ್ದಿತು. ಇದರಲ್ಲಿ ಮಾಯೆ ಏನಿಲ್ಲ. ಚಿಕ್ಕದರ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, ಡಿ90ಯದು 23.6. ಜಾಗದ ಲೆಕ್ಕದಲ್ಲಿ ಹನ್ನೆರಡು ಪಟ್ಟಿಗೂ ಜಾಸ್ತಿ.

ಆ 50 ಎಂಎಂ ಡಿ ಲೆನ್ಸ್‌ಗೆ ತನ್ನದೇ ಫೋಕಸ್ ಮೋಟರ್ ಇಲ್ಲ, ಕ್ಯಾಮೆರಾ ಬಾಡಿಯೊಳಗಿನ ಮೋಟರ್ ಬೇಕು. ಡಿ90ಯಲ್ಲಿ ಅದಿದೆ. ಡಿ3100, ಡಿ5100 ಥರದ್ದರಲ್ಲಿ ಇಲ್ಲ, ಕೈಯಲ್ಲೇ ಫೋಕಸ್ ತಿರುಗಿಸಬೇಕು. ಡಿ90ಗೆ ಮೆಮೊರಿ ಕಾರ್ಡ್ 32 ಜಿಬಿಯ ಎಸ್‌ಡಿಎಚ್‌ಸಿ ಜಾತಿಗಿಂತ ದೊಡ್ಡದು ಬೇಡ.

ಡಿ90 ಸೋತ ಕಡೆಯೂ ಹೇಳಬೇಕಲ್ವಾ? ತೂಕ. ಬಾಡಿ, ಬ್ಯಾಟರಿ, 18-105 ಸೇರಿ ಒಂದು ಕೇಜಿ ದಾಟುತ್ತೆ. ಅಂಜನಾದ್ರಿಗೆ ಎರಡನೇ ಸಲ ಇದನ್ನು ಹೊತ್ತು ಹತ್ತಿದಾಗ ಅರ್ಧ ದಾರಿಯಲ್ಲಿ ಮನೆಯವಳು, "ನಾ ಹಿಡಿಯಂಗಿಲ್ಲ, ಬೇಕಿದ್ರ ನೀರಿನ ಬಾಟ್ಲಿ ಕೊಡ್ರಿ" ಅಂದಳು. ವಿಡಿಯೊ ಸುಮ್ನೆ ಹೆಸರಿಗೆ. ಒಮ್ಮೆಗೆ ಐದೇ ನಿಮಿಷ, ತೆಗೆಯುವಾಗ ತಾನಾಗಿ ಫೋಕಸ್ ಆಗಲ್ಲ. ವೈಫೈ ಇಲ್ಲ, ಕಾರ್ಡ್ ತೆಗೆದು, ಫೋನಿಗೆ ಸಿಕ್ಕಿಸೋ ಒಟಿಜಿ ಕಾರ್ಡ್ ರೀಡರ್‌ನಲ್ಲಿ ಫೋನಿಗೆ ಹಾಕಬೇಕು. ದರೋಜಿಯ ವೀಕ್ಷಣಾ ಗೋಪುರದಿಂದ ಬಂಡೆ ಮೇಲೆ ಬರುವ ಕರಡಿಗೆ 105 ಎಂಎಂ ಏನೂ ಸಾಲದು. ಫೋಟೊದಲ್ಲಿ ಕರಡಿ ಯಾವುದು, ಕಪ್ಪು ಕಲ್ಲು ಯಾವುದು ಅಂತ ನಾನೇ ಬೆರಳಿಟ್ಟು ತೋರಿಸಬೇಕಾಯಿತು. ಅವತ್ತು ಚಿಕ್ಕದೇ ಇದ್ದಿದ್ದರೆ ಅನ್ನಿಸಿದ್ದು ನಿಜ.

ಹಾಗಾಗಿ ಹಕ್ಕಿ, ಕರಡಿ ನಿಮ್ಮ ಹುಚ್ಚಾಗಿದ್ದರೆ, ಆಫೀಸು ಎಸಿಯೊಳಗಿದ್ದರೆ, ಚಿಕ್ಕದನ್ನೇ ತಗೊಳ್ಳಿ. ಜಿಪ್ ಇರೋ ಚೀಲದಲ್ಲಿಡಿ, ಜೇಬಲ್ಲಿ ಬೇಡ. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಿಂದ ಹೊರಗೆ ಬಂದು, ಝೂಮ್ ಪೂರ್ತಿ ಎಳೆದು, ಖಾಲಿ ಆಕಾಶಕ್ಕೆ ಹಿಡಿದು ಮೂರು ಫೋಟೊ ತೆಗೆಯಿರಿ. ಮೂರರಲ್ಲೂ ಒಂದೇ ಜಾಗದಲ್ಲಿ ಕಾಗೆ ಇದ್ದರೆ ಹಣ ಜೇಬಲ್ಲೇ ಇರಲಿ. ನನ್ನ ಬಜೆಟ್ 15,000, ಸುತ್ತೋದು ವಾರಕ್ಕೊಂದು ದಿನ, ಮೈಮೇಲೆಲ್ಲ ತೌಡು. ನನಗೆ ಡಿ90ಯೇ.

ಚಿಕ್ಕದು ಇನ್ನೂ ಮೇಜಿನ ಖಾನೆಯಲ್ಲಿದೆ. ಕಂಪ್ಲಿಯ ಹುಡುಗನೊಬ್ಬ 1,500ಕ್ಕೆ ಕೇಳಿದ್ದಾನೆ. ಕಲೆ ತೋರಿಸಿದೆ, ಮರಿಯನ್ನೂ ತೋರಿಸಿದೆ. ಭಾನುವಾರ ಬರ್ತೀನಿ ಅಂದಿದ್ದಾನೆ.