ಸರಕು ಕಳಿಸುವವರಿಗೆ ಸಾಗಣೆ ಸಾಫ್ಟ್‌ವೇರ್: ಎರಡು ಕೋಟೇಶನ್, ಒಂದು ಎಕ್ಸೆಲ್ ಹಾಳೆ

ಬೆಳಗಾವಿಯ ಮಚ್ಛೆ ಕೈಗಾರಿಕಾ ಪ್ರದೇಶದ ಫೌಂಡ್ರಿಯೊಂದರಲ್ಲಿ ಡಿಸ್ಪ್ಯಾಚ್ ಹೊಣೆ ಹೊತ್ತಿರುವ ನನಗೆ, ಸಾಗಣೆ ನಿರ್ವಹಣೆಯ ಎರಡು ಸಾಫ್ಟ್‌ವೇರ್‌ಗಳನ್ನು ಒಂದೇ ಆರ್ಥಿಕ ವರ್ಷದಲ್ಲಿ ನಮ್ಮದೇ ಲೋಡ್‌ಗಳ ಮೇಲೆ ಬಳಸಿ ನೋಡುವ ಅವಕಾಶ ಸಿಕ್ಕಿತು. ಒಂದು ವಿದೇಶಿ ಕಂಪನಿಯದು. ಅದನ್ನು ಇಲ್ಲಿ ಮಾರಿ, ಅಳವಡಿಸಿಕೊಡುವುದು ಅದರ ಪಾಲುದಾರ ಸಂಸ್ಥೆ. ಇನ್ನೊಂದು ನಮ್ಮ ದೇಶದ ಸಣ್ಣ ಕಂಪನಿಯದು. ಅದು ಟ್ರಿಪ್‌ಗೆ ಇಂತಿಷ್ಟು ಎಂದು ಹಣ ಪಡೆಯುತ್ತದೆ. ಇವೆರಡರ ಪಕ್ಕದಲ್ಲಿ ನಮ್ಮ ಹಳೆಯ ಎಕ್ಸೆಲ್ ಹಾಳೆಯೂ ಇತ್ತು, ಅದನ್ನೂ ಸ್ಪರ್ಧಿಯೆಂದೇ ಎಣಿಸಬೇಕು. ನಾವು ಉಳಿಸಿಕೊಂಡದ್ದು ದೇಶೀಯ ಸಾಫ್ಟ್‌ವೇರನ್ನು. ಕೆಳಗಿನ ಬರಹ ಅದರ ಕಡೆಗೇ ವಾಲುತ್ತದೆ ಎಂಬುದನ್ನು ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು. ದೂರುಗಳೂ ಇರುವುದರಿಂದ ಕಂಪನಿಗಳ ಹೆಸರನ್ನು ಬರೆಯುತ್ತಿಲ್ಲ.

ಲಾರಿಗೆ ಇಂಡೆಂಟ್ (ಬೇಡಿಕೆ) ಹಾಕುವುದು, ಟ್ರಾನ್ಸ್‌ಪೋರ್ಟರುಗಳಿಂದ ದರ ತರಿಸಿಕೊಳ್ಳುವುದು, ಎಲ್‌ಆರ್ (ಟ್ರಾನ್ಸ್‌ಪೋರ್ಟರ್ ಕೊಡುವ ಲಾರಿ ರಸೀದಿ) ದಾಖಲಿಸುವುದು, ಪಿಒಡಿ (ಮಾಲು ತಲುಪಿದ್ದಕ್ಕೆ ಪುರಾವೆ) ಫೋಟೋ ಹಚ್ಚುವುದು, ಬಾಡಿಗೆ ಬಿಲ್ಲನ್ನು ತಾಳೆ ನೋಡುವುದು, ಇವೆಲ್ಲ ಎರಡರಲ್ಲೂ ಇವೆ. ಇವುಗಳ ಪಟ್ಟಿ ಯಾವ ಮಾರಾಟಗಾರನ ಕೈಪಿಡಿಯಲ್ಲಾದರೂ ಸಿಗುತ್ತದೆ. ಕೈಪಿಡಿಯಲ್ಲಿ ಸಿಗದಿರುವುದು, ನಮ್ಮಂಥ ಮಧ್ಯಮ ಗಾತ್ರದ ಕಾರ್ಖಾನೆ ವರ್ಷದ ಕೊನೆಗೆ ಒಟ್ಟು ಎಷ್ಟು ಹಣ ಕೊಟ್ಟಿರುತ್ತದೆ ಎಂಬ ಲೆಕ್ಕ. ನನ್ನ ಅನುಭವದಲ್ಲಿ ಆ ಲೆಕ್ಕವನ್ನು ನಿರ್ಧರಿಸುವುದು ಲೈಸೆನ್ಸ್ ದರಕ್ಕಿಂತ ಹೆಚ್ಚಾಗಿ ಒಂದೇ ಒಂದು ಪದ: ಕೋಟೇಶನ್ನಿನಲ್ಲಿ ಬರೆದಿರುವ ‘ಶಿಪ್‌ಮೆಂಟ್’.

ವಿದೇಶಿ ಸಾಫ್ಟ್‌ವೇರಿನ ಕೋಟೇಶನ್ ಮೇಲ್ನೋಟಕ್ಕೆ ಅಗ್ಗವಾಗಿಯೇ ಕಂಡಿತ್ತು. ವರ್ಷಕ್ಕೊಂದು ಮೂಲ ಶುಲ್ಕ, ಅಷ್ಟೇ ಮೊತ್ತದ ಅಳವಡಿಕೆ ಶುಲ್ಕ, ಆಮೇಲೆ ಪ್ರತಿ ಶಿಪ್‌ಮೆಂಟಿಗೆ ಒಂದು ಸಣ್ಣ ದರ. ದೇಶೀಯ ಕಂಪನಿಯದು ಅಳವಡಿಕೆಗೆ ಚಿಕ್ಕ ಮೊತ್ತ, ಆದರೆ ಪ್ರತಿ ಟ್ರಿಪ್ಪಿಗೆ ಆ ಶಿಪ್‌ಮೆಂಟ್ ದರದ ಎರಡೂವರೆ ಪಟ್ಟಿಗಿಂತ ಹೆಚ್ಚು ದರ. ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ನಮ್ಮ ಖರೀದಿ ವಿಭಾಗದವರು ಸಹಜವಾಗಿಯೇ ಮೊದಲನೆಯದರ ಕಡೆ ಬೆರಳು ತೋರಿಸಿದರು. ಶಿಪ್‌ಮೆಂಟ್ ಎಂದರೇನು ಎಂದು ನಾನು ಕೇಳಿದಾಗ ಪಾಲುದಾರ ಸಂಸ್ಥೆಯ ಮಾರಾಟ ಪ್ರತಿನಿಧಿ ಕೊಟ್ಟ ಉತ್ತರ ‘ಒಂದು ಲೋಡ್, ಸರ್’ ಎಂದು. ಕರಾರಿನ ಅನುಬಂಧದಲ್ಲಿದ್ದ ವ್ಯಾಖ್ಯೆಯೇ ಬೇರೆ: ವ್ಯವಸ್ಥೆಯೊಳಗೆ ಸಾಗಣೆಗಾಗಿ ದಾಖಲಾಗುವ ಪ್ರತಿಯೊಂದು ದಸ್ತಾವೇಜೂ ಒಂದು ಶಿಪ್‌ಮೆಂಟ್.

ಇದರ ಅರ್ಥ ತಿಳಿಯಬೇಕಾದರೆ ನಮ್ಮ ಲಾರಿಯೊಳಗೆ ಏನಿರುತ್ತದೆ ಎಂಬುದನ್ನು ಹೇಳಬೇಕು. ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ವಸ್ತು, ಭಾರದ ಮಾಲು. ಲಾರಿಯ ಡಾಲಾ (ಮಾಲು ತುಂಬುವ ಭಾಗ) ಅರ್ಧ ತುಂಬುವ ಮೊದಲೇ ಪಾಸಿಂಗ್ ತೂಕ, ಅಂದರೆ ಲಾರಿ ಹೊರಲು ಅನುಮತಿಯಿರುವ ತೂಕ, ಮುಗಿದುಹೋಗುತ್ತದೆ. ಒಬ್ಬ ಗ್ರಾಹಕನ ಆರ್ಡರಿಗೆ ಇಡೀ ಲಾರಿ ಬೇಕಾಗುವುದಿಲ್ಲವಾದ್ದರಿಂದ ಪುಣೆ ಕಡೆಗೆ ಹೋಗುವ ಒಂದು ಲಾರಿಯಲ್ಲಿ ಪಿಂಪ್ರಿಯ ಒಬ್ಬ, ಚಾಕಣದ ಇಬ್ಬರು ಗ್ರಾಹಕರ ಮಾಲು ಒಟ್ಟಿಗೆ ಹೋಗುವುದು ಮಾಮೂಲು. ಪ್ರತಿಯೊಬ್ಬರಿಗೂ ಪರ್ಚೇಸ್ ಆರ್ಡರ್‌ವಾರು ಬೇರೆ ಬೇರೆ ಇನ್‌ವಾಯ್ಸ್ ಬೇಕು. ಹೀಗೆ ಒಬ್ಬೊಬ್ಬರಿಗೆ ಮೂರರಂತೆ ಒಂಬತ್ತು ಇನ್‌ವಾಯ್ಸ್, ಅದೇ ಲಾರಿ ತಿರುಗಿ ಬರುವಾಗ ತರುವ ಖಾಲಿ ಬಿನ್‌ಗಳಿಗೆ ಮೂರು ಡೆಲಿವರಿ ಚಲನ್, ಒಟ್ಟು ಹನ್ನೆರಡು ದಸ್ತಾವೇಜು. ಲಾರಿ ಮಾತ್ರ ಒಂದೇ, ಚಾಲಕನೂ ಒಬ್ಬನೇ, ಟ್ರಾನ್ಸ್‌ಪೋರ್ಟರ್ ಕಳಿಸುವ ಬಾಡಿಗೆ ಬಿಲ್ಲೂ ಒಂದೇ.

ಉದಾಹರಣೆಗಾಗಿ ಮಾತ್ರ ಒಂದು ಲೆಕ್ಕ ಹಾಕೋಣ. ದಸ್ತಾವೇಜಿಗೆ ₹40 ಎಂದಿಟ್ಟುಕೊಂಡರೆ ಈ ಲಾರಿಯ ಖರ್ಚು ₹480. ಟ್ರಿಪ್ಪಿಗೆ ₹110 ಎಂದಿಟ್ಟುಕೊಂಡರೆ ಅದೇ ಲಾರಿಗೆ ₹110. ತಿಂಗಳಿಗೆ ಇಂಥ ನೂರು ಲಾರಿ ಕಳಿಸುವ ಕಾರ್ಖಾನೆಗೆ ಮೊದಲನೆಯದು ₹48,000, ಎರಡನೆಯದು ₹11,000. ಕೋಟೇಶನ್ನಿನಲ್ಲಿ ಅಗ್ಗವಾಗಿ ಕಂಡದ್ದು ನಾಲ್ಕು ಪಟ್ಟು ದುಬಾರಿಯಾಗುವುದು ಹೀಗೆ. ಒಂದು ಇನ್‌ವಾಯ್ಸಿಗೆ ಒಂದು ಲಾರಿ ತುಂಬಿಸಿ ಕಳಿಸುವ ಸಿಮೆಂಟ್ ಅಥವಾ ಸಕ್ಕರೆ ಕಾರ್ಖಾನೆಗೆ ಇದೇ ಲೆಕ್ಕ ತಲೆಕೆಳಗಾಗುತ್ತದೆ, ಅವರಿಗೆ ಮೊದಲನೆಯದೇ ಲಾಭ. ಆದ್ದರಿಂದ ಯಾವ ಮಾರಾಟಗಾರನೊಂದಿಗೆ ದರದ ಮಾತಾಡುವ ಮೊದಲೂ ತಮ್ಮ ಒಂದು ಲಾರಿಯಲ್ಲಿ ಸರಾಸರಿ ಎಷ್ಟು ಇನ್‌ವಾಯ್ಸ್, ಎಷ್ಟು ಎಲ್‌ಆರ್, ಎಷ್ಟು ಕಡೆ ಇಳಿಸುವುದು ಎಂಬುದನ್ನು ಡಿಸ್ಪ್ಯಾಚ್ ರಿಜಿಸ್ಟರಿನಿಂದ ಎಣಿಸಿಕೊಂಡು ಹೋಗಬೇಕು.

ತಕರಾರು ಅಲ್ಲಿಗೇ ನಿಲ್ಲಲಿಲ್ಲ. ನಾವು ಆಕ್ಷೇಪ ಎತ್ತಿದಾಗ ಪಾಲುದಾರ ಸಂಸ್ಥೆ ಸೂಚಿಸಿದ ಪರಿಹಾರ, ದಸ್ತಾವೇಜುಗಳನ್ನೆಲ್ಲ ಒಂದು ಲೋಡಿನ ಕೆಳಗೆ ಕಟ್ಟುವ ಹೊಸ ಜೋಡಣೆ. ಅದು ಮೂಲ ಅಳವಡಿಕೆಯ ವ್ಯಾಪ್ತಿಯಲ್ಲಿಲ್ಲವಾದ್ದರಿಂದ ಚೇಂಜ್ ರಿಕ್ವೆಸ್ಟ್ ಆಗುತ್ತದೆ, ಮತ್ತು ಚೇಂಜ್ ರಿಕ್ವೆಸ್ಟಿನ ದರ ಸಲಹೆಗಾರನ ದಿನಗೂಲಿಯ ಲೆಕ್ಕದಲ್ಲಿ. ದಿನಗೂಲಿ ಎಂದು ನಾನು ಬರೆದಿದ್ದೇನೆ. ಆ ಮೊತ್ತ ನಮ್ಮ ಲೋಡಿಂಗ್ ಹಮಾಲರ ಒಂದು ತಿಂಗಳ ದುಡಿಮೆಗೆ ಹತ್ತಿರವಿತ್ತು. ಆ ಜೋಡಣೆ ಮಾಡಿಸಿದ ಮೇಲೂ ಒಂದು ಕೆಲಸ ಬಾಕಿ ಉಳಿಯುತ್ತಿತ್ತು: ಒಂದೇ ಲಾರಿಯ ಬಾಡಿಗೆಯನ್ನು ತೂಕದ ಪ್ರಮಾಣದಲ್ಲಿ ಗ್ರಾಹಕರಿಗೆ ಹಂಚುವುದು. ನಮ್ಮ ಕೆಲವು ಗ್ರಾಹಕರ ದರದಲ್ಲಿ ಬಾಡಿಗೆ ಸೇರಿರುತ್ತದೆ, ಕೆಲವರದು ಟು-ಪೇ, ಅಂದರೆ ಮಾಲು ಇಳಿದ ಮೇಲೆ ಅವರೇ ಕೊಡುತ್ತಾರೆ. ಈ ಎರಡು ಬಗೆಯವರ ಮಾಲೂ ಒಂದೇ ಲಾರಿಯಲ್ಲಿದ್ದಾಗ ಹಂಚಿಕೆ ತಪ್ಪಿದರೆ ನಮ್ಮ ಕೈಯಿಂದ ಹಣ ಹೋಗುತ್ತದೆ. ಅದಕ್ಕೆ ಇನ್ನೊಂದು ಚೇಂಜ್ ರಿಕ್ವೆಸ್ಟ್. ದೇಶೀಯ ಸಾಫ್ಟ್‌ವೇರಿನಲ್ಲಿ ಟ್ರಿಪ್ ತೆರೆದು ಅದರೊಳಗೆ ಎಲ್‌ಆರ್‌ಗಳನ್ನು ಸೇರಿಸಿ, ‘ತೂಕದಂತೆ’ ಎಂದು ಆಯ್ದುಕೊಂಡರೆ ಹಂಚಿಕೆ ಮುಗಿಯಿತು. ಹಲವರ ಮಾಲು ಹೊರುವ ಈ ದೇಶದ ಪಾರ್ಟ್‌ಲೋಡ್ ಲಾರಿಯನ್ನು ಕಣ್ಣಾರೆ ನೋಡಿದವರು ಅದನ್ನು ಮಾಡಿದ್ದಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್ನು ಜಿಎಸ್‌ಟಿ ಮತ್ತು ಇ-ವೇ ಬಿಲ್ಲಿನ (ಮಾಲು ಸಾಗಿಸಲು ಬೇಕಾದ ಆನ್‌ಲೈನ್ ಪತ್ರ) ವಿಷಯ. ₹50,000 ಮೀರಿದ ಮಾಲಿಗೆ ಇ-ವೇ ಬಿಲ್ ಬೇಕೆಂಬುದು, ವಾರ್ಷಿಕ ವಹಿವಾಟು ₹5 ಕೋಟಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವೆಂಬುದು ಎಲ್ಲರಿಗೂ ತಿಳಿದಿದೆ. ನಮ್ಮಲ್ಲಿ ಇವೆರಡನ್ನೂ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನಿಂದಲೇ ಒಟ್ಟಿಗೆ ತೆಗೆಯುತ್ತೇವೆ; ಸಾಗಣೆ ಸಾಫ್ಟ್‌ವೇರಿನಿಂದ ನಮಗೆ ಬೇಕಾದದ್ದು ಇ-ವೇ ಬಿಲ್ಲಿನಲ್ಲಿ ಲಾರಿ ನಂಬರ್ ತುಂಬುವ ಪಾರ್ಟ್-ಬಿ, ಮತ್ತು ಆ ಬಿಲ್ಲಿನ ಅವಧಿ ಮುಗಿಯುವ ಮುನ್ನ ಒಂದು ಎಚ್ಚರಿಕೆ. ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಪುಣೆಗೆ ಎರಡು ದಿನದ ಅವಧಿ ಸಿಗುತ್ತದೆ. ಖಂಬಾಟಕಿ ಘಾಟಿನಲ್ಲಿ ಲಾರಿ ಕೆಟ್ಟು ಬೇರೆ ಗಾಡಿಗೆ ಮಾಲು ಬದಲಿಸಿದರೆ ಪಾರ್ಟ್-ಬಿ ತಿದ್ದಬೇಕು, ಅವಧಿ ವಿಸ್ತರಣೆಯನ್ನು ಅದು ಮುಗಿಯುವ ಹಿಂದಿನ ಇಲ್ಲವೇ ಮುಗಿದ ಮುಂದಿನ ಎಂಟು ಗಂಟೆಯೊಳಗೆ ಮಾಡಿಕೊಳ್ಳಬೇಕು. ದೇಶೀಯ ಸಾಫ್ಟ್‌ವೇರ್ ಇಷ್ಟನ್ನು ಹೆಚ್ಚುವರಿ ಹಣವಿಲ್ಲದೆ ಮಾಡುತ್ತದೆ. ವಿದೇಶಿಯದರಲ್ಲಿ ಇ-ವೇ ಬಿಲ್ ಎಂಬುದು ಬೇರೆಯೇ ಖರೀದಿಸಬೇಕಾದ ಘಟಕ, ಟ್ಯಾಲಿಗೆ ಕೊಂಡಿ ಎಂಬುದು ಇನ್ನೊಂದು ಘಟಕ. ನಮ್ಮ ಟ್ರಾನ್ಸ್‌ಪೋರ್ಟರುಗಳಲ್ಲಿ ಕೆಲವರು ತಾವೇ ತೆರಿಗೆ ಹಾಕಿ ಬಿಲ್ ಕೊಡುತ್ತಾರೆ, ಉಳಿದವರ ಬಿಲ್ಲಿಗೆ ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಅವರ ಬದಲು ನಾವೇ, 5% ತೆರಿಗೆ ಕಟ್ಟುತ್ತೇವೆ. ಆ ವ್ಯತ್ಯಾಸವನ್ನು ವಿದೇಶಿ ಸಾಫ್ಟ್‌ವೇರಿಗೆ ಕಲಿಸುವುದಕ್ಕೂ ಶುಲ್ಕವಿತ್ತು.

ಸಾಫ್ಟ್‌ವೇರಿನ ಬಿಲ್ಲಿನ ಮೇಲಿನ 18% ಜಿಎಸ್‌ಟಿಯನ್ನು ನಾನು ಖರ್ಚೆಂದು ಹಿಡಿದಿಲ್ಲ, ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದು ಕಳೆಯುತ್ತದೆ. ಆದರೆ ರೂಪಾಯಿಯಲ್ಲೇ ಬಿಲ್ ಕೊಟ್ಟರೂ ಪ್ರತಿ ವರ್ಷದ ನವೀಕರಣದಲ್ಲಿ ಡಾಲರ್ ದರಕ್ಕೆ ತಕ್ಕಂತೆ ಮೊತ್ತ ಏರಿಸುವ ಷರತ್ತು ವಿದೇಶಿ ಕಂಪನಿಯ ಕರಾರಿನಲ್ಲಿತ್ತು. ಅದು ಖರ್ಚೇ.

ಲಾರಿ ಎಲ್ಲಿದೆ ಎಂದು ನೋಡುವ ಸೌಲಭ್ಯದ ಖರ್ಚನ್ನು ಎಲ್ಲರೂ ಕಡೆಗಣಿಸುತ್ತಾರೆ. ಬೇಕಾದಾಗ ಬಾಡಿಗೆಗೆ ಹಿಡಿಯುವ ಮಾರುಕಟ್ಟೆ ಲಾರಿಗಳಿಗೆ ಜಿಪಿಎಸ್ ಕೂಡಿಸಲು ನಮಗೆ ಹಕ್ಕಿಲ್ಲ, ಆದ್ದರಿಂದ ಇಬ್ಬರೂ ಮುಂದಿಡುವುದು ಚಾಲಕನ ಮೊಬೈಲ್ ಸಿಮ್ ಆಧಾರಿತ ಟ್ರ್ಯಾಕಿಂಗ್. ಇದಕ್ಕೆ ಚಾಲಕನ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಸಂದೇಶಕ್ಕೆ ಉತ್ತರಿಸುವ ಪುರುಸೊತ್ತು ಅವನಿಗಿರುವುದಿಲ್ಲ, ಕೊಲ್ಹಾಪುರದಲ್ಲಿ ಚಾಲಕ ಬದಲಾದರೆ ಮತ್ತೆ ಮೊದಲಿನಿಂದ ಶುರು. ನಮ್ಮ ಮುಖ್ಯ ಮಾರ್ಗದಲ್ಲಿ ಇದರ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಬೆಳಗಾವಿಯಿಂದ ಪುಣೆಗೆ ಹೋಗುವ ಹೆದ್ದಾರಿ 48ರಲ್ಲಿ ಹತ್ತರಗಿ, ಕೊಗನೊಳ್ಳಿ, ಕಿಣಿ, ತಾಸವಡೆ, ಆನೆವಾಡಿ, ಖೇಡ್ ಶಿವಾಪುರ ಎಂದು ಸಾಲಾಗಿ ಟೋಲ್ ನಾಕಾಗಳಿವೆ, ಫಾಸ್ಟ್ಯಾಗ್ ಓದಿದ ಹೊತ್ತು ತಿಳಿದರೆ ಲಾರಿ ಎಲ್ಲಿದೆ ಎಂಬುದು ಸಾಕಷ್ಟು ನಿಖರವಾಗಿ ತಿಳಿಯುತ್ತದೆ. ದೇಶೀಯ ಸಾಫ್ಟ್‌ವೇರಿನಲ್ಲಿ ಫಾಸ್ಟ್ಯಾಗ್ ಮಾಹಿತಿ ಟ್ರಿಪ್ ದರದಲ್ಲೇ ಸೇರಿದೆ, ಸಿಮ್ ಟ್ರ್ಯಾಕಿಂಗ್ ಬೇಕಾದ ಟ್ರಿಪ್ಪಿಗೆ ಮಾತ್ರ ಹಣ. ಹೊಸೂರಿಗೆ ಹೋಗುವ ಲಾರಿಗಳಿಗೂ ಫಾಸ್ಟ್ಯಾಗ್ ಸಾಲುತ್ತದೆ. ಮಧ್ಯಪ್ರದೇಶದ ಪೀಥಮಪುರಕ್ಕೆ ಹೋಗುವವಕ್ಕೆ ಮಾತ್ರ ಸಿಮ್ ತೆಗೆದುಕೊಳ್ಳುತ್ತೇವೆ.

ಪಿಒಡಿ ವಿಷಯದಲ್ಲಿ ವಿದೇಶಿ ಸಾಫ್ಟ್‌ವೇರ್ ಮೇಲು. ಅಸ್ಪಷ್ಟ ಫೋಟೋವನ್ನು ಅದು ಅಲ್ಲಿಯೇ ತಿರಸ್ಕರಿಸುತ್ತದೆ; ದೇಶೀಯದು ಏನು ಕೊಟ್ಟರೂ ನುಂಗುತ್ತದೆ.

ಎರಡರಲ್ಲೂ ಸಮಾನವಾಗಿ ಬಿದ್ದ ಖರ್ಚೆಂದರೆ ನಮ್ಮವರ ಸಮಯ. ಒಬ್ಬನೇ ಗ್ರಾಹಕ ಟ್ಯಾಲಿಯಲ್ಲಿ ನಾಲ್ಕು ಬಗೆಯ ಕಾಗುಣಿತದಲ್ಲಿ ಇರುವುದನ್ನು, ಟ್ರಾನ್ಸ್‌ಪೋರ್ಟರುಗಳೊಂದಿಗಿನ ಬಾಯಿಮಾತಿನ ದರಗಳನ್ನು, ಹಾಲ್ಟಿಂಗ್ (ಲಾರಿ ಕಾಯಿಸಿದ್ದಕ್ಕೆ ಕೊಡುವ ಹಣ) ಎಷ್ಟು ಗಂಟೆಯ ಮೇಲೆ ಶುರುವಾಗುತ್ತದೆಂಬ ಅಲಿಖಿತ ಒಪ್ಪಂದಗಳನ್ನು ಬರಹಕ್ಕೆ ಇಳಿಸದೆ ಯಾವ ಸಾಫ್ಟ್‌ವೇರೂ ನಡೆಯುವುದಿಲ್ಲ. ಇದನ್ನು ಯಾವ ಕೋಟೇಶನ್ನೂ ತೋರಿಸುವುದಿಲ್ಲ, ಏಕೆಂದರೆ ಸಂಬಳ ಕೊಡುವವರು ನಾವು. ನಮ್ಮ ಹಿರಿಯ ಗುಮಾಸ್ತರೊಬ್ಬರು ವಾರಗಟ್ಟಲೆ ಸಂಜೆ ಕುಳಿತು ಮಾಡಿದ ಈ ಕೆಲಸವೇ ಸಾಫ್ಟ್‌ವೇರಿಗಿಂತ ಹೆಚ್ಚು ಹಣ ಉಳಿಸಿತೇನೋ ಎಂಬ ಅನುಮಾನ ನನಗಿದೆ. ದರಗಳು ಒಂದೆಡೆ ಬಂದಾಗ, ಒಂದೇ ಮಾರ್ಗಕ್ಕೆ ಇಬ್ಬರು ಟ್ರಾನ್ಸ್‌ಪೋರ್ಟರುಗಳಿಗೆ ಟನ್ನಿಗೆ ಬೇರೆ ಬೇರೆ ಬಾಡಿಗೆ ಕೊಡುತ್ತಿರುವುದು ಎಲ್ಲರ ಕಣ್ಣಿಗೂ ಬಿತ್ತು.

ಹಾಗಾದರೆ ಎಕ್ಸೆಲ್ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದು. ದಿನಕ್ಕೆ ಒಂದೆರಡು ಲಾರಿ ಕಳಿಸುವ, ಟ್ರಾನ್ಸ್‌ಪೋರ್ಟರ್ ಒಬ್ಬನೇ ಇರುವ ಕಾರ್ಖಾನೆಗೆ ಸಾಲುತ್ತದೆ, ಅಂಥವರು ಸಾಫ್ಟ್‌ವೇರಿಗೆ ಹಣ ಸುರಿಯಬಾರದು ಎಂದೇ ನಾನು ಹೇಳುತ್ತೇನೆ. ನಮ್ಮಲ್ಲಿ ಎಕ್ಸೆಲ್ ಸೋತದ್ದು ಬಾಡಿಗೆ ಬಿಲ್ ಪಾಸ್ ಮಾಡುವಲ್ಲಿ: ಒಂದೇ ಎಲ್‌ಆರ್ ಎರಡು ಬಿಲ್ಲುಗಳಲ್ಲಿ ಬಂದರೆ ಹಿಡಿಯುವವರು ಇರಲಿಲ್ಲ, ಮತ್ತು ಹಾಲ್ಟಿಂಗ್ ಕ್ಲೇಮಿಗೆ ಲಾರಿ ಗ್ರಾಹಕನ ಗೇಟು ಮುಟ್ಟಿದ ಹೊತ್ತಿನ ಪುರಾವೆ ಇರಲಿಲ್ಲ. ಈಗ ಶನಿವಾರ ಮಧ್ಯಾಹ್ನ ಬಿಲ್ಲುಗಳನ್ನು ಒಟ್ಟಿಗೆ ಪಾಸ್ ಮಾಡುವ ನನ್ನ ರೂಢಿಗೆ ದೇಶೀಯ ಸಾಫ್ಟ್‌ವೇರಿನ ಒಂದೇ ಪರದೆ ಸಾಕಾಗುತ್ತದೆ. ನಮ್ಮ ಬಜೆಟ್ಟಿನಲ್ಲಿ ದೊಡ್ಡ ಮುಂಗಡಕ್ಕೆ ಜಾಗವಿಲ್ಲ. ಆರ್ಡರ್ ಇಳಿದ ತಿಂಗಳಲ್ಲಿ ಟ್ರಿಪ್ ಕಡಿಮೆ, ಸಾಫ್ಟ್‌ವೇರ್ ಬಿಲ್ಲೂ ಕಡಿಮೆ ಎಂಬುದು ಮಾಲೀಕರಿಗೆ ಹಿಡಿಸಿದ ಮಾತು.

ಕರಾರಿಗೆ ಸಹಿ ಮಾಡುವ ಮುನ್ನ ನಾವು ದೇಶೀಯ ಕಂಪನಿಯಿಂದ ಎರಡು ಸಾಲು ಸೇರಿಸಿಕೊಂಡೆವು. ಖಾಲಿ ಬಿನ್ ತರುವ ಮರುಪ್ರಯಾಣವನ್ನು ಬೇರೆ ಟ್ರಿಪ್ ಎಂದು ಎಣಿಸಬಾರದು ಎಂಬುದು ಒಂದು. ಬಿಟ್ಟುಹೋಗುವ ದಿನ ಎಲ್‌ಆರ್, ಪಿಒಡಿ, ದರಪಟ್ಟಿಗಳೆಲ್ಲವನ್ನೂ ಎಕ್ಸೆಲ್ ರೂಪದಲ್ಲಿ ಶುಲ್ಕವಿಲ್ಲದೆ ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವರು ಚೌಕಾಸಿ ಮಾಡಿದರು, ಎರಡನೆಯದಕ್ಕೆ ಒಡನೆ ಒಪ್ಪಿದರು. ಮುಂದೆ ನಾವು ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ಮೂಲಕ ಕಂಟೇನರ್ ರಫ್ತು ಶುರುಮಾಡಿದರೆ ಈ ಸಾಫ್ಟ್‌ವೇರ್ ಸಾಲುವುದಿಲ್ಲ. ಹಡಗು ಕಂಪನಿಗಳ ಬುಕಿಂಗ್‌ಗೆ ಕೊಂಡಿ ಇರುವುದು ವಿದೇಶಿಯದರಲ್ಲೇ, ಆಗ ಅವರನ್ನು ಮತ್ತೆ ಕರೆಯಬೇಕಾದೀತು, ಅನುಬಂಧದ ವ್ಯಾಖ್ಯೆಯನ್ನು ನಾವೇ ಬರೆದುಕೊಟ್ಟು.