ಮಾವನ ಡಯಾನಾಕ್ಕೆ ನಾಲ್ಕು ವಾಷರ್, ಎರಡು ಸ್ಪ್ರಿಂಗ್

ಏರ್‌ಗನ್ನಿನ ಸ್ಪ್ರಿಂಗ್ ಮುರಿದರೆ ಗೊತ್ತೇ ಆಗುವುದಿಲ್ಲ. ಪೆಲೆಟ್ ಎಂಬ ಚಿಕ್ಕ ಗುಂಡು ಹಾರುತ್ತದೆ, ಗುರಿಗಿಟ್ಟ ಡಬ್ಬಿ ಬೀಳುತ್ತದೆ. ಸೋದರಮಾವ ಬಿಟ್ಟುಹೋದ ಡಯಾನಾ 27 ಹೀಗೆ ಎಷ್ಟು ವರ್ಷ ನಮ್ಮನ್ನು ಏಮಾರಿಸಿತ್ತೋ. ನಳಿಗೆಯನ್ನು ಬಗ್ಗಿಸುವಾಗ ಒಳಗಿನಿಂದ ಕರಕರ ಸದ್ದು ಬರುತ್ತಿತ್ತು. ‘ಹಳೆಯದಲ್ಲವೇ, ಒಂದಿಷ್ಟು ಎಣ್ಣೆ ಬಿಡು’ ಎನ್ನುತ್ತಿದ್ದರು ಅಮ್ಮ. ಬಿಡುತ್ತಿದ್ದೆ. ಕಳೆದ ದಸರಾ ರಜೆಯಲ್ಲಿ ಕುವೆಂಪುನಗರದ ಮನೆಯ ಹಿತ್ತಿಲಲ್ಲಿ ಕೂತು ಬಿಚ್ಚಿದಾಗ ಸ್ಪ್ರಿಂಗ್ ಎರಡು ತುಂಡಾಗಿ, ಒಂದರ ಸುರುಳಿಯೊಳಗೆ ಇನ್ನೊಂದು ತಿರುಪಿನಂತೆ ಹೊಕ್ಕು ಕೂತಿತ್ತು. ನಳಿಗೆ ಬಗ್ಗಿಸಿದಾಗ ಒತ್ತಿಕೊಳ್ಳುವ ಸ್ಪ್ರಿಂಗ್, ಟ್ರಿಗರ್ ಎಳೆದಾಗ ಪಿಸ್ಟನ್ನನ್ನು ತಳ್ಳಿ ಗಾಳಿ ಒತ್ತುತ್ತದೆ; ಆ ಗಾಳಿ ಸೋರದಂತೆ ಪಿಸ್ಟನ್ನಿನ ಮೂತಿಗೆ ಕೂರಿಸಿದ್ದ ತೊಗಲಿನ ವಾಷರ್ ಬೆರಳಿಗೆ ಹಪ್ಪಳದಂತೆ ಪುಡಿಯಾಯಿತು.

ಜರ್ಮನಿಯ ರಾಸ್ಟಾಟ್‌ನಲ್ಲಿ 1890ರಲ್ಲಿ ಶುರುವಾದ ಕಂಪನಿಯ ಮಾಲು ಇದು. ಸಿಲಿಂಡರಿನ ಹಿಂತುದಿಯಲ್ಲಿ, ಮರದ ಅಂಚಿಗೆ ಅಂಟಿದಂತೆ, 08 63 ಎಂಬ ಚಿಕ್ಕ ಅಂಕಿಗಳಿವೆ. ಅಂದರೆ 1963ರ ಆಗಸ್ಟ್. ಮೇಲೆ, ಬಿಲ್ಲನ್ನು ಕಾಲಬುಡದಲ್ಲಿ ಚೆಲ್ಲಿ ಕೋವಿಯನ್ನು ಎತ್ತಿ ಹಿಡಿದ ಬೇಟೆಯ ದೇವತೆಯ ಮುದ್ರೆ. 0.177 ಅಂಗುಲದ ನಳಿಗೆ, 20 ಜೂಲ್ ಮೀರದ ಶಕ್ತಿ ಇರುವುದರಿಂದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಇದಕ್ಕೆ ಪರವಾನಗಿ ಬೇಡ. ಹಾಗಾಗಿಯೇ ನಾನು ಕೈ ಹಾಕಿದೆ. ಮಂಡ್ಯದ ಕಡೆ ದೊಡ್ಡಪ್ಪನ ಮನೆಯಲ್ಲಿ ಜೋಡಿ ನಳಿಗೆಯ ಬಂದೂಕು ಒಂದಿದೆ; ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ, ಮುಗಿದ ಮೇಲೆ ಮನೆಗೆ ಬರುತ್ತದೆ. ಅದರ ಒಂದು ತಿರುಪು ಸಡಿಲವಾದರೂ ಪರವಾನಗಿ ಇರುವ ದುರಸ್ತಿಗಾರರ ಹತ್ತಿರವೇ ಹೋಗಬೇಕು. ಅದರ ತಂಟೆ ನನಗೆ ಬೇಡ.

ಹೊಸದಾಗಿ ಹಾಕುವ ಭಾಗಗಳಲ್ಲಿ ಯಾವುದು ಪೆಲೆಟ್ಟನ್ನು ಜೋರಾಗಿ ತಳ್ಳುತ್ತದೆಂಬ ಪರೀಕ್ಷೆಗೆ ನಾನು ಹಿಡಿದ ಅಳತೆಗೋಲು ಬಟ್ಟೆ ಸೋಪು. ಒಂದೇ ಅಂಗಡಿಯಿಂದ ತಂದ ಪಟ್ಟಿಗಳನ್ನು ಒಂದು ವಾರ ಒಣಗಿಸಿ, ಹತ್ತು ಮೀಟರ್ ದೂರದಲ್ಲಿ ಮರಳು ಚೀಲದ ಮುಂದೆ ಇಟ್ಟು, ಪ್ರತಿ ಭಾಗಕ್ಕೂ ಐದೈದು ಪೆಲೆಟ್ ಹೊಡೆದು, ತೂತಿನೊಳಗೆ ಬೆಂಕಿಕಡ್ಡಿ ಇಳಿಸಿ ಗುರುತು ಹಾಕಿದೆ. ವಿಜ್ಞಾನಿಗಳು ನಗಬಹುದು. ಆದರೆ ಒಂದೇ ಸೋಪು, ಒಂದೇ ಕೈ, ಒಂದೇ ಜಾಗ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ಅಷ್ಟು ಸಾಕು.

ಮೊದಲ ವಾಷರ್ ದೇವರಾಜ ಮಾರುಕಟ್ಟೆಯ ಹತ್ತಿರ ಕೂರುವ ಚಪ್ಪಲಿ ಹೊಲಿಯುವವರಿಂದ. ಹಳೆಯದರ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿದ್ದೆ. ‘ಯಾವ ಪಂಪಿಗೆ ಸಾರ್?’ ಎಂದರು. ಗಾಳಿ ಒತ್ತುವ ಪಂಪು ಎಂದೆ, ಸುಳ್ಳಲ್ಲ. ಬ್ಯಾಗು ಹೊಲಿದು ಉಳಿದಿದ್ದ ಮೆತ್ತನೆಯ ತೊಗಲಿನಲ್ಲಿ ಕತ್ತರಿಸಿ ಕೊಟ್ಟರು, ನಲವತ್ತು ರೂಪಾಯಿ. ಅದು ಬಟ್ಟಲಿನ ಆಕಾರಕ್ಕೆ ಬಂದರೂ ನಿಲ್ಲಲಿಲ್ಲ. ಮೂವತ್ತು ಹೊಡೆತಕ್ಕೆ ಅಂಚು ಹಿಂದಕ್ಕೆ ಮಡಚಿಕೊಂಡಿತು. ಸೋಪಿನಲ್ಲಿ ಕಾಲು ಕಡ್ಡಿ.

ಎರಡನೆಯದು ಗದ್ದೆಗೆ ಔಷಧಿ ಹೊಡೆಯುವ ಪಂಪಿನ ವಾಷರ್. ಮಂಡ್ಯದಲ್ಲಿ ಕೃಷಿ ಸಾಮಾನಿನ ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ನೇತುಹಾಕಿರುತ್ತಾರೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಬಟ್ಟಲು, ನೋಡಲು ಚೆಂದ. ಅಂಚನ್ನು ಉಪ್ಪುಕಾಗದದಿಂದ ಸವೆಸಿ ಕೂರಿಸಿದೆ. ಅರ್ಧ ಕಡ್ಡಿ ಇಳಿಯಿತು. ಹೊಡೆತವೂ ಒಂದೇ ಸಮ. ಅದನ್ನೇ ಉಳಿಸಿಕೊಳ್ಳುತ್ತಿದ್ದೆನೋ ಏನೋ, ಆದರೆ ಅದಕ್ಕೆ ನಾನು ಕುಡಿಸಿದ್ದು ಕೊಬ್ಬರಿ ಎಣ್ಣೆ. ಡಿಸೆಂಬರ್ ಬಂತು. ಮೈಸೂರಿನ ಬೆಳಗಿನ ಚಳಿಗೆ ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುವ ಹಾಗೆ ವಾಷರಿನಲ್ಲೂ ಗಟ್ಟಿಯಾಯಿತು. ಬೆಳಿಗ್ಗೆ ಏಳಕ್ಕೆ ಪೆಲೆಟ್ ಸೋಪಿನ ಮೇಲ್ಮೈಯಲ್ಲೇ ಕೂರುತ್ತಿತ್ತು, ಮಧ್ಯಾಹ್ನಕ್ಕೆ ಮತ್ತೆ ಅರ್ಧ ಕಡ್ಡಿ. ಮೊದಲು ನನ್ನ ಕಣ್ಣಿಗೇ ದೋಷ ಬಂತೆಂದುಕೊಂಡಿದ್ದೆ.

ಮೂರನೆಯದು ಅಂಚೆಯಲ್ಲಿ ತರಿಸಿದ ಪ್ಲಾಸ್ಟಿಕ್ ಜಾತಿಯ ಹೊಸ ವಾಷರ್. ಈಗಿನ ಏರ್‌ಗನ್‌ಗಳಲ್ಲಿ ಇದೇ ಇರುತ್ತದೆ. ಎಣ್ಣೆ ಕೇಳುವುದಿಲ್ಲ, ಚಳಿಗೆ ಬಗ್ಗುವುದಿಲ್ಲ. ಮೊದಲ ದಿನ ಮುಕ್ಕಾಲು ಕಡ್ಡಿ. ನಾನು ಗೆದ್ದೆ ಅಂದುಕೊಂಡೆ. ಮೂರನೆಯ ದಿನ ಅರ್ಧ, ಆಮೇಲೆ ಕಾಲು. ಬಿಚ್ಚಿ ನೋಡಿದರೆ ವಾಷರಿನ ತುಟಿಯ ಮೇಲೆ ಬ್ಲೇಡು ಎಳೆದಂತೆ ಒಂದು ಗೀರು. ಪಿಸ್ಟನ್ನನ್ನು ಒಳಗೆ ತಳ್ಳುವಾಗ ಸಿಲಿಂಡರಿನ ಕೆಳಗಿನ ಉದ್ದ ಸೀಳಿನ ಅಂಚು ಅದನ್ನು ಕೊಯ್ದಿತ್ತು. ಅಂಚನ್ನು ಮೊದಲೇ ಉಜ್ಜಿ ನಯ ಮಾಡಿಕೊಳ್ಳಬೇಕಿತ್ತು, ತಪ್ಪು ನನ್ನದೇ. ಹಾಗಂತ ಇನ್ನೊಂದು ತರಿಸಲು ಮನಸ್ಸಾಗಲಿಲ್ಲ. ಅರವತ್ತು ವರ್ಷದ ಸಿಲಿಂಡರಿನ ಒಳಗೋಡೆಯಲ್ಲಿ ಅಲ್ಲಲ್ಲಿ ತುಕ್ಕು ತಿಂದ ಕುಳಿಗಳಿವೆ. ತೊಗಲು ಅಂಥ ಗೋಡೆಗೆ ಉಬ್ಬಿ ಹೊಂದಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ನುಣುಪು ಗೋಡೆಯೇ ಬೇಕು. ಹಳೆಯ ಬಂದೂಕಿನ ಗೋಡೆಯನ್ನು ಹೊಸ ವಾಷರಿಗಾಗಿ ಕೊರೆಸುವುದೆಂದರೆ ಚಪ್ಪಲಿಗಾಗಿ ಕಾಲನ್ನು ಕೆತ್ತಿದಂತೆ.

ಮತ್ತೆ ಮಾರುಕಟ್ಟೆಗೇ ಹೋದೆ. ಈ ಸಲ ಲೇತಿನವರಿಂದ ಸಿಲಿಂಡರಿನ ಅಳತೆಗೆ ಮರದ ಅಚ್ಚು ಮಾಡಿಸಿಕೊಂಡಿದ್ದೆ. ಅಚ್ಚು ಕಂಡದ್ದೇ ಚಪ್ಪಲಿ ಹೊಲಿಯುವವರ ಮುಖ ಅರಳಿತು. ‘ಇದನ್ನು ಮೊದಲೇ ತರಬಾರದಿತ್ತೇ’ ಎಂದರು. ಮೆತ್ತನೆಯದು ಬೇಡವೆಂದು, ಹಳೆಯ ಕಾಲದ ಚಪ್ಪಲಿಯ ಅಟ್ಟೆಗೆ ಹಾಕುವ, ತೊಗಟೆಯಲ್ಲಿ ಹದ ಮಾಡಿದ ದಪ್ಪ ತೊಗಲು ತೆಗೆದರು. ಬಿಸಿನೀರಿನಲ್ಲಿ ನೆನೆಸಿ, ಅಚ್ಚಿನ ಮೇಲೆ ಎಳೆದು, ಸುತ್ತ ನೂಲು ಬಿಗಿದು, ಎರಡು ದಿನ ಬಿಟ್ಟು ಬನ್ನಿ ಎಂದರು. ಒಣಗಿದ ಬಟ್ಟಲನ್ನು ಮನೆಯಲ್ಲಿ ಬೆಚ್ಚಗಿನ ಹರಳೆಣ್ಣೆಯಲ್ಲಿ ಒಂದು ರಾತ್ರಿ ಇಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಕೂರಿಸಿದೆ. ಮೊದಲ ನಾಲ್ಕು ಹೊಡೆತಕ್ಕೆ ನಳಿಗೆಯ ಬಾಯಿಂದ ನೀಲಿ ಹೊಗೆ, ಪಟಾಕಿಯಂಥ ಸದ್ದು. ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು. ಪಿಸ್ಟನ್ ಒತ್ತಿದ ಗಾಳಿ ಎಷ್ಟು ಕಾಯುತ್ತದೆಂದರೆ, ಹೆಚ್ಚಿದ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳುತ್ತದೆ. ಆ ಸ್ಫೋಟ ಪಿಸ್ಟನ್ನನ್ನು ಹಿಂದಕ್ಕೆ ಗುದ್ದುತ್ತದೆ, ಪೆಟ್ಟು ತಿನ್ನುವುದು ಸ್ಪ್ರಿಂಗು. ‘ಒಂದಿಷ್ಟು ಎಣ್ಣೆ ಬಿಡು’ ಎಂಬ ಉಪಚಾರವೇ ಮಾವನ ಸ್ಪ್ರಿಂಗನ್ನು ಮುರಿದಿತ್ತೆಂದು ಆಗ ಹೊಳೆಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಹೊಗೆ ನಿಂತ ಮೇಲೆ ಮುಕ್ಕಾಲು ಕಡ್ಡಿಗೆ ನೂಲಿನಷ್ಟು ಕಡಿಮೆ. ಪ್ಲಾಸ್ಟಿಕ್ಕಿನ ಮೊದಲ ದಿನಕ್ಕಿಂತ ಚೂರು ಹಿಂದೆ, ಆದರೆ ಮೂರು ತಿಂಗಳಾದರೂ ಅಷ್ಟೇ ಇದೆ.

ಸ್ಪ್ರಿಂಗಿನ ವಿಷಯದಲ್ಲಿ ಮಾತ್ರ ಊರಿನ ಅಭಿಮಾನ ಕೈಕೊಟ್ಟಿತು. ಸ್ಪ್ರಿಂಗ್ ಸುತ್ತುವ ಚಿಕ್ಕ ವರ್ಕ್‌ಶಾಪೊಂದರಲ್ಲಿ ಹಳೆಯ ತುಂಡುಗಳನ್ನು ತೋರಿಸಿ, ಅಷ್ಟೇ ದಪ್ಪದ ತಂತಿಯಲ್ಲಿ ಮಾಡಿಸಿದೆ. 250 ರೂಪಾಯಿ, ಅರ್ಧ ಗಂಟೆಯ ಕೆಲಸ. ತುದಿಯ ಸುರುಳಿಗಳನ್ನು ಮುಚ್ಚಿ ಚಪ್ಪಟೆಯಾಗಿ ಉಜ್ಜಿಕೊಡಿ ಎಂದು ಎರಡು ಸಲ ಹೇಳಿದ್ದೆ. ಕೊಟ್ಟಾಗ ಒಂದು ತುದಿ ಓರೆ. ಮೇಜಿನ ಮೇಲೆ ನಿಲ್ಲಿಸಿದರೆ ಪೀಸಾದ ಗೋಪುರ. ಒಳಗೆ ಹಾಕಿದಾಗ ಸೊಟ್ಟಗೆ ಬಗ್ಗಿ ಗೋಡೆಗೆ ಉಜ್ಜುತ್ತಿತ್ತು, ಪ್ರತಿ ಹೊಡೆತಕ್ಕೂ ಜೇನುಗೂಡಿನಂಥ ಗುಂಯ್. ಒಂದು ವಾರದಲ್ಲಿ ಅದು ಒಂದೂವರೆ ಅಂಗುಲ ಕುಗ್ಗಿತು. ಏರ್‌ಗನ್ ವ್ಯಾಪಾರಿಯೊಬ್ಬರ ಮೂಲಕ ಇದೇ ಮಾದರಿಗೆಂದು ಮಾಡಿದ ಸ್ಪ್ರಿಂಗ್ ತರಿಸಿದೆ, ಬೆಲೆ ಹತ್ತಿರ ಹತ್ತಿರ ಎಂಟು ಪಟ್ಟು. ಮೊದಲೇ ಪೂರ್ತಿ ಒತ್ತಿ ಬಿಟ್ಟು ಹದಕ್ಕೆ ತಂದದ್ದು, ಎರಡೂ ತುದಿ ಸಪಾಟು. ಗುಂಯ್ ಹೋಗಿ ‘ಠಪ್’ ಎಂಬ ಒಂದೇ ಸದ್ದು ಉಳಿಯಿತು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕೂರಿಸುವಾಗ ಅದನ್ನು ಒತ್ತಿ ಹಿಡಿಯುವ ಚೌಕಟ್ಟು ಇಲ್ಲದೆ ಕೈ ಹಾಕಲೂಬೇಡಿ. ಹಿಂದಿನ ಪಿನ್ ತೆಗೆದ ಕ್ಷಣ ಅದು ಎದೆಗೆ ಹಾರುತ್ತದೆ. ನಳಿಗೆ ಬಗ್ಗಿಸಿ, ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲೇ ಬಂದೂಕನ್ನು ಇಟ್ಟು ಮರೆಯುವುದೂ ಸ್ಪ್ರಿಂಗಿಗೆ ಶತ್ರು.

ಟ್ರಿಗರಿನೊಳಗೆ ಪಿಸ್ಟನ್ನನ್ನು ಹಿಡಿದಿಡುವುದು ಮೂರು ಉಕ್ಕಿನ ಬಾಲ್‌ಗಳು. ಬಿಚ್ಚುವಾಗ ಒಂದು ಹಾರಿ ತುಳಸಿಕಟ್ಟೆಯ ಕಡೆ ಹೋಗಿದ್ದು ಇವತ್ತಿಗೂ ಸಿಕ್ಕಿಲ್ಲ. ಶಿವರಾಂಪೇಟೆಯ ಸೈಕಲ್ ಅಂಗಡಿಯಲ್ಲಿ ಬೊಗಸೆ ತುಂಬ ಬಾಲ್ಸ್ ಕೊಟ್ಟರು. ಮೈಕ್ರೊಮೀಟರಿಗೆ ಒಂದಕ್ಕೊಂದು ತಾಳೆಯಾಗಲಿಲ್ಲ. ಮೂರರಲ್ಲಿ ಒಂದು ದಪ್ಪವಿದ್ದರೆ ಪೂರ್ತಿ ಭಾರ ಅದರ ಮೇಲೇ. ಟ್ರಿಗರ್ ಮುಟ್ಟದೆ ಹಾರುವ ಬಂದೂಕು ಯಾರಿಗೂ ಬೇಡ. ಬೇರಿಂಗ್ ಅಂಗಡಿಯಲ್ಲಿ ಒಂದೇ ಪೊಟ್ಟಣದ ಮೂರು ತಂದು, ಗ್ರೀಸಿನಲ್ಲಿ ಅಂಟಿಸಿ ಕೂರಿಸಿದೆ. ಉಳಿದಿದ್ದ ಎರಡು ಹಳೆಯವನ್ನೂ ಬದಲಿಸಿದೆ. ನಳಿಗೆಯ ಬುಡದ ಚಿಕ್ಕ ವಾಷರಿಗೆ ರಬ್ಬರ್ ರಿಂಗೂ ಸರಿ, ತೊಗಲೂ ಸರಿ. ನನಗೆ ವ್ಯತ್ಯಾಸ ಕಾಣಲಿಲ್ಲ.

ಮುರಿದ ಸ್ಪ್ರಿಂಗ್, ಪುಡಿಯಾದ ವಾಷರ್, ಎರಡು ಬಾಲ್ ಎಲ್ಲವೂ ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ಇವೆ. ಸಂಗ್ರಹಕಾರರು ಬಂದರೆ ಮೊದಲು ಕೇಳುವುದು ಅದನ್ನೇ. ಮರಕ್ಕೆ ಹೊಸ ಪಾಲಿಶ್ ಹೊಡೆಸು, ಲೋಹಕ್ಕೆ ಹೊಸ ಬಣ್ಣ ಹಾಕಿಸು ಎಂದವರಿಗೆ ಕಾಫಿ ಕೊಟ್ಟು ಕಳಿಸಿದ್ದೇನೆ.

ಹೋದ ವಾರ ಇನ್ನೆರಡು ವಾಷರ್ ಮಾಡಿಸಿಡೋಣವೆಂದು ಮಾರುಕಟ್ಟೆಗೆ ಹೋದೆ. ಮರದ ಅಚ್ಚು ಅವರ ಪೆಟ್ಟಿಗೆಯಲ್ಲೇ ಇತ್ತು. ಮರೆಯದಿರಲೆಂದು ಅದರ ಮೇಲೆ ಬಾಲ್ ಪೆನ್ನಿನಲ್ಲಿ ಬರೆದುಕೊಂಡಿದ್ದರು: ‘ಗಾಳಿ ಪಂಪ್ ಸಾರ್’.