ಡಿಸ್ಕ್‌ಗೆ ‘ಗ್ಯಾರಂಟಿ ಪ್ಯಾಕೇಜ್’ ಎಂದರೆ ಹಣ ಕಟ್ಟಬೇಡಿ

ಸೊಂಟದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿದವರಿಗೆ ‘ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ’ ಎಂದು ಪ್ಯಾಕೇಜ್ ಮಾರುವ ಕೇಂದ್ರಗಳು ವಿಜಯಪುರದಲ್ಲೂ ಇವೆ, ದಯವಿಟ್ಟು ಎಚ್ಚರದಿಂದಿರಿ. ನಾವು ಹೋಗಿದ್ದ ಕೇಂದ್ರದವರು, ಹೆಸರು ಬರೆದರೆ ನೋಟಿಸ್ ಕಳಿಸುವುದಾಗಿ ಹೇಳಿದ್ದಾರೆ, ಆದ್ದರಿಂದ ಹೆಸರು ಬರೆಯುತ್ತಿಲ್ಲ.

ನಮ್ಮ ತಂದೆಯವರಿಗೆ ಸೊಂಟದ ಕೊನೆಯ ಎರಡು ಮೂಳೆಗಳ ನಡುವಿನ (ಎಲ್4-ಎಲ್5) ಡಿಸ್ಕ್ ಬಲಗಾಲಿನ ನರವನ್ನು ಒತ್ತುತ್ತಿತ್ತು. ಅಲ್ಲಿನವರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು, “ಕಾಕಾರ, ಇವತ್ತ ಶುರು ಮಾಡಲಿಲ್ಲಂದ್ರ ಹಾಸಿಗಿ ಹಿಡೀತೀರಿ” ಎಂದು ಹೆದರಿಸಿ, ಇಡೀ ಕೋರ್ಸಿನ ಹಣವನ್ನು ಮೊದಲೇ ಕಟ್ಟಿಸಿಕೊಂಡರು. ಸೊಂಟಕ್ಕೆ ಬೆಲ್ಟ್ ಬಿಗಿದು ಎಳೆಯುವ ಅವರ ‘ಫಾರಿನ್ ಮಷಿನ್’, ಯಾವ ಫಿಸಿಯೋಥೆರಪಿ ಕೋಣೆಯಲ್ಲೂ ಸಿಗುವ ಟ್ರ್ಯಾಕ್ಷನ್ ಮಂಚವೇ. ಅದೂ ಹೋಗಲಿ.

ಒಂದು ದಿನ ಅಪ್ಪನ ಬಲಗಾಲಿನ ಹವಾಯಿ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದು, ಅವರಿಗೆ ಗೊತ್ತೇ ಆಗದೆ ಬರಿಗಾಲಲ್ಲಿ ಮನೆಯವರೆಗೆ ಬಂದಿದ್ದರು. ಹೆಬ್ಬೆರಳು ಮೇಲೇಳುತ್ತಿರಲಿಲ್ಲ, ನೋವು ಮಾತ್ರ ಕಡಿಮೆಯಾಗಿತ್ತು. ಇದನ್ನು ಹೇಳಿದರೆ, “ಚಲೋ ಆತ್ರೀ, ನರ ಸಡ್ಲ ಆಗಾಕತ್ತೈತಿ!” ಎಂದು ನಕ್ಕರು. ಆ ಸಂಜೆ ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ನೆನೆದರೆ ಈಗಲೂ ತಲೆ ತಗ್ಗಿಸುವಂತಾಗುತ್ತದೆ.

ಬೆಳಗಾವಿಯ ನರ ಶಸ್ತ್ರಚಿಕಿತ್ಸಕರು ಫಿಲ್ಮ್ ನೋಡುವ ಮೊದಲೇ ಹೆಬ್ಬೆರಳನ್ನು ತಮ್ಮ ಬೆರಳಿಂದ ಒತ್ತಿ ಹಿಡಿದು, “ಎತ್ತರಿ” ಎಂದರು. ಎತ್ತಲಾಗಲಿಲ್ಲ. ನೋವು ಇಳಿಯುತ್ತ ಬಲವೂ ಕುಂದುತ್ತಿದ್ದರೆ ನರ ಸೋಲುತ್ತಿದೆ ಎಂದೇ ತಿಳಿಯಬೇಕು ಎಂದು ಅವರು ಹೇಳಿದಾಗ, ಆ ನಗು, ಆ ಪೇಢೆ ಎಲ್ಲವೂ ಒಟ್ಟಿಗೇ ನೆನಪಾಗಿ ಮೈಯೆಲ್ಲ ಉರಿಯಿತು. ನರವನ್ನು ಒತ್ತುತ್ತಿದ್ದ ಡಿಸ್ಕ್ ಭಾಗವನ್ನು ತೆಗೆಯುವ ಆಪರೇಷನ್ (ಮೈಕ್ರೋಡಿಸೆಕ್ಟಮಿ) ಆಯಿತು, ಆದರೆ ಪಾದದ ಬಲ ಇನ್ನೂ ಪೂರ್ತಿ ಮರಳಿಲ್ಲ.

ಆ ಕೇಂದ್ರದವರನ್ನು ಉಳಿದ ಹಣ ಕೇಳಿದ್ದಕ್ಕೆ, “ಕೋರ್ಸ್ ಅರ್ಧಕ್ಕ ಬಿಟ್ಟವ್ರು ನೀವs, ರೊಕ್ಕ ಹೆಂಗ ಕೊಡೂಣ್ರೀ?” ಎಂದರು. ಹೆಬ್ಬೆರಳಿನ ಮಾತೆತ್ತಿದರೆ, “ನಾವು ಹಂಗ ಅಂದs ಇಲ್ಲ”. ಅಂದೇ ಇಲ್ಲವಂತೆ!

ಡಿಸ್ಕ್ ಜಾರಿದ ಹೆಚ್ಚಿನವರು ಮಾತ್ರೆ, ನಡಿಗೆ, ವ್ಯಾಯಾಮಗಳಿಂದಲೇ 6ರಿಂದ 12 ವಾರಗಳಲ್ಲಿ ಸುಧಾರಿಸುತ್ತಾರೆ. ಇವರ ಕೋರ್ಸೂ ಹೆಚ್ಚುಕಡಿಮೆ ಅಷ್ಟೇ ಅವಧಿಯದು. ತಾನಾಗಿ ಗುಣವಾದವರ ಫೋಟೋಗಳೇ ಇವರ ಗೋಡೆಯ ತುಂಬ. ಪಾದದ ಬಲ ಕುಂದಿದರೆ ತಡಮಾಡದೆ ತಜ್ಞರಿಗೆ ತೋರಿಸಿ. ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೊರಡಿ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ. ನಮಗೆ ಕೊಟ್ಟಿದ್ದು ಸಹಿಯಿಲ್ಲದ ಬಿಳಿ ಚೀಟಿ. ಇಂಥ ಕಡೆ ಹಣ ಕಟ್ಟಿ ಅಚ್ಚಿನ ರಸೀದಿ ಪಡೆದವರಿದ್ದರೆ ಜೊತೆಗೆ ಬನ್ನಿ.